‘ಡೂಪ್ಲಿಕೇಟ್’ ಅನ್ನಬೇಡಿ: ಸೇಬಿಲ್ಲದ ಸೇಬಿನ ಪೈ ಮತ್ತು ನಮ್ಮ ಉಮ್ಮಂದಿರ ಅಡುಗೆ

ಕಳೆದ ಪೆರ್ನಾಲಿನ ಮರುದಿನ ನಮ್ಮ ಮನೆಗೆ ಬಂದಿದ್ದ ಮಾಮ ಒಂದು ತುಂಡು ಪೈ ತಿಂದು ಮುಗಿಸಿ, ಎರಡನೆಯದಕ್ಕೆ ಕೈ ಚಾಚಿದರು. "ಆ್ಯಪಲ್ ಪೈ ಚೆನ್ನಾಗಿದೆ ಮೋಳೇ, ದುಬೈಯ ಬೇಕರಿಯಲ್ಲಿ ತಿಂದ ಹಾಗೇ ಉಂಟು" ಅಂದರು. "ಮಾಮ, ಅದರಲ್ಲಿ ಆ್ಯಪಲ್ ಇಲ್ಲ. ಒಳಗಿರುವುದು ಉಪ್ಪು ಬಿಸ್ಕತ್ತು" ಅಂದೆ. ಚಾಚಿದ ಕೈ ಅಲ್ಲೇ ನಿಂತಿತು. ಮೊದಲು ನಕ್ಕರು. ಆಮೇಲೆ ಮುಖ ಬಿಗಿಯಾಯಿತು. "ಎಂತ ಮಾರಾಯ್ತಿ, ಪೆರ್ನಾಲಿಗೆ ಬಂದವರಿಗೆ ಡೂಪ್ಲಿಕೇಟ್ ತಿನ್ನಿಸುವುದಾ? ಆ್ಯಪಲ್ ತರಲಿಕ್ಕೆ ದುಡ್ಡಿಲ್ಲದಿದ್ದರೆ ನನಗೆ ಹೇಳಬಹುದಿತ್ತು" ಅಂದರು.

ಮಾಮ ಒಳ್ಳೆಯವರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ‘ಡೂಪ್ಲಿಕೇಟ್’ ಎಂಬ ಮಾತಿನ ಮೇಲೆ ಸಿಟ್ಟಿದೆ. ನಮ್ಮ ಸಮುದಾಯದಲ್ಲಿ ಊಟದ ವಿಷಯ ಬಂದಾಗಲೆಲ್ಲ ಈ ಮಾತು ಬರುತ್ತದೆ. ಮದುವೆ ಮನೆಯಲ್ಲಿ, ಫ್ಯಾಮಿಲಿ ಗ್ರೂಪಿನಲ್ಲಿ, ಫುಡ್ ಫೆಸ್ಟಿನ ಬ್ಯಾನರಿನಲ್ಲಿ ಒಂದೇ ಜಗಳ: ಯಾವುದು ಒರಿಜಿನಲ್, ಯಾವುದು ಡೂಪ್ಲಿಕೇಟ್. ಈ ಜಗಳದಲ್ಲಿ ನಾವು ಏನನ್ನು ಕಳೆದುಕೊಳ್ಳುತ್ತಿದ್ದೇವೆ ಎಂಬುದನ್ನು ಆ ಬಿಸ್ಕತ್ತಿನ ಪೈಯನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ಯಾಕೆಂದರೆ ಅಡುಗೆಯ ಚರಿತ್ರೆ ಹೇಗೆ ಬರೆಯಲ್ಪಡುತ್ತದೆ, ಹೇಗೆ ಅಳಿಸಲ್ಪಡುತ್ತದೆ ಎಂದು ತೋರಿಸಲಿಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮೊದಲು ಮಾಡುವ ಕ್ರಮ. ಎರಡೂವರೆ ಕಪ್ ಮೈದಾಕ್ಕೆ ಒಂದು ಕಪ್ ತಣ್ಣಗಿನ ಬೆಣ್ಣೆ, ಚಿಟಿಕೆ ಉಪ್ಪು ಹಾಕಿ ಬೆರಳ ತುದಿಯಲ್ಲಿ ಉದುರುದುರಾಗಿ ತಿಕ್ಕಬೇಕು. ತಣ್ಣೀರು ಚಿಮುಕಿಸಿ ಹಿಟ್ಟು ಕೂಡಿಸಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಎರಡು ಹಾಳೆ ಲಟ್ಟಿಸಬೇಕು. ಒಂದು ಹಾಳೆ ತಟ್ಟೆಯ ತಳಕ್ಕೆ, ಇನ್ನೊಂದು ಮೇಲೆ ಮುಚ್ಚಲಿಕ್ಕೆ. ಸುಮಾರು 36 ಬೆಣ್ಣೆ ಅಂಶದ ಉಪ್ಪು ಬಿಸ್ಕತ್ತನ್ನು ದೊಡ್ಡ ದೊಡ್ಡ ತುಂಡಾಗಿ ಮುರಿದು ತಳದ ಹಾಳೆಯ ಮೇಲೆ ಹರಡಬೇಕು. ಪುಡಿ ಮಾಡಬಾರದು. ಪುಡಿಯಾದರೆ ಹಲ್ವದ ಹಾಗೆ ಮುದ್ದೆಯಾಗುತ್ತದೆ, ಸೇಬಿನ ಹೋಳಿನ ಹಾಗೆ ಪದರ ಬರುವುದಿಲ್ಲ.

ಕಾಲು ಕಡಿಮೆ ಎರಡು ಕಪ್ ಅನ್ನುವುದಕ್ಕಿಂತ ಒಂದೂ ಮುಕ್ಕಾಲು ಕಪ್ ನೀರು ಅನ್ನೋಣ. ಅದಕ್ಕೆ ಸಕ್ಕರೆ ಹಾಕಿ ಕುದಿಸಿ, ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಇಡಬೇಕು. ಅಮೆರಿಕದವರು ಎರಡು ಕಪ್ ಸಕ್ಕರೆ ಹಾಕುತ್ತಾರೆ, ನಮ್ಮ ಮನೆಯಲ್ಲಿ ಶುಗರಿನವರು ಇರುವುದರಿಂದ ನಾನು ಒಂದೂವರೆ ಹಾಕಿದೆ. ಕೆಳಗಿಳಿಸಿ ಒಂದು ಲಿಂಬೆಯ ಸಿಪ್ಪೆ ತುರಿದು ಹಾಕಿ, ರಸ ಹಿಂಡಬೇಕು. ಪಾಕ ತಣ್ಣಗಾದ ಮೇಲೆ ಬಿಸ್ಕತ್ತಿನ ಮೇಲೆ ಸುರಿದು, ಅಲ್ಲಲ್ಲಿ ಬೆಣ್ಣೆಯ ಚೂರು ಇಟ್ಟು, ಅರ್ಧ ಚಮಚ ದಾಲ್ಚಿನ್ನಿ ಪುಡಿ ಉದುರಿಸಿ, ಮೇಲಿನ ಹಾಳೆ ಮುಚ್ಚಿ ಅಂಚು ಒತ್ತಬೇಕು. ಹಬೆ ಹೋಗಲಿಕ್ಕೆ ಮೇಲೆ ನಾಲ್ಕು ಸೀಳು. 220 ಡಿಗ್ರಿ ಓವನ್‌ನಲ್ಲಿ ಅರ್ಧ ಗಂಟೆ. ಪೂರ್ತಿ ತಣಿದ ಮೇಲೆಯೇ ಕತ್ತರಿಸಬೇಕು. ಬಿಸಿಯಲ್ಲಿ ಕತ್ತರಿಸಿದರೆ ಪಾಕ ಹರಿದುಹೋಗಿ ಗುಟ್ಟು ರಟ್ಟಾಗುತ್ತದೆ.

ಮೂಲದಲ್ಲಿ ಎರಡು ಚಮಚ ಕ್ರೀಮ್ ಆಫ್ ಟಾರ್ಟರ್ ಕೂಡ ಇದೆ. ಅದು ದ್ರಾಕ್ಷಿ ಮದ್ಯದ ಪೀಪಾಯಿಗಳ ಒಳಗೋಡೆಗೆ ಕಟ್ಟುವ ಹರಳಿನಿಂದ ತೆಗೆಯುವ ಪುಡಿ. ಅದರ ಬಗ್ಗೆ ನಮ್ಮವರಲ್ಲಿ ಕೆಲವರಿಗೆ ಸಂಶಯ ಇರುವುದರಿಂದ ಅದನ್ನು ಬಿಟ್ಟು ಲಿಂಬೆರಸ ಸ್ವಲ್ಪ ಜಾಸ್ತಿ ಹಾಕಿದೆ. ಏನೂ ಕೊರತೆ ಬರಲಿಲ್ಲ. ಆ ಪುಡಿಯ ಹುಳಿ ಅಂದರೆ ಟಾರ್ಟರಿಕ್ ಆಮ್ಲ. ನಮ್ಮ ಹುಣಸೆಹಣ್ಣಿನ ಹುಳಿಯೂ ಅದೇ. ಮೀನು ಸಾರಿಗೆ ದಿನಾ ಹಿಂಡುವ ಹುಳಿಯೇ ಅಲ್ಲಿ ಸೇಬಿನ ವೇಷ ಹಾಕಿದೆ.

ನಾಲಿಗೆ ಯಾಕೆ ಮೋಸಹೋಗುತ್ತದೆ? ಬೇಯಿಸಿದ ಸೇಬಿನಲ್ಲಿ ಹಸಿ ಸೇಬಿನ ಪರಿಮಳ ಬಹಳಷ್ಟು ಹೋಗಿರುತ್ತದೆ. ಉಳಿಯುವುದು ಸಿಹಿ, ಹುಳಿ, ಮೆತ್ತಗಿನ ಹೋಳು. ಪೈಯಲ್ಲಿ ‘ಸೇಬಿನ ಘಮ’ ಎಂದು ನಾವು ಗುರುತಿಸುವುದು ಹೆಚ್ಚಾಗಿ ದಾಲ್ಚಿನ್ನಿ, ಬೆಣ್ಣೆ, ಲಿಂಬೆ. ಪಾಕ ಕುಡಿದ ಬಿಸ್ಕತ್ತು ಮೆತ್ತಗಾಗಿ ಹೋಳಿನ ಆಕಾರ ಉಳಿಸಿಕೊಳ್ಳುತ್ತದೆ. ಅದರ ಗಂಜಿ ಪಾಕವನ್ನು ಗಟ್ಟಿ ಮಾಡುತ್ತದೆ. ಉಳಿದದ್ದನ್ನು ನೆನಪು ತುಂಬುತ್ತದೆ. ದುಬೈಯ ಬೇಕರಿಯ ನೆನಪು ಇದ್ದುದರಿಂದಲೇ ಮಾಮನಿಗೆ ಸೇಬು ಸಿಕ್ಕಿತು.

ಈಗ ಚರಿತ್ರೆ. ಈ ಪೈ ಯಾರದು ಎಂದು ಅಮೆರಿಕದಲ್ಲಿ ಕೇಳಿದರೆ ಹೆಚ್ಚಿನವರು ರಿಟ್ಜ್ ಬಿಸ್ಕತ್ತಿನ ಹೆಸರು ಹೇಳುತ್ತಾರೆ. ನ್ಯಾಷನಲ್ ಬಿಸ್ಕತ್ತು ಕಂಪನಿ, ಅಂದರೆ ನಬಿಸ್ಕೊ, ರಿಟ್ಜನ್ನು ಮಾರುಕಟ್ಟೆಗೆ ತಂದದ್ದು 1934ರಲ್ಲಿ. ಈ ಪೈಯ ಕ್ರಮ ಅದರ ಡಬ್ಬಿಯ ಮೇಲೆ ಎಷ್ಟೋ ಕಾಲ ಅಚ್ಚಾಗುತ್ತಿತ್ತು. ಹಾಗಾಗಿ ಒಂದು ಕಥೆ ಹುಟ್ಟಿಕೊಂಡಿತು: 1929ರ ಮಹಾ ಆರ್ಥಿಕ ಕುಸಿತದ ನಂತರ ಬಡ ಅಮ್ಮಂದಿರಿಗೆ ಸೇಬು ಕೊಳ್ಳಲಾಗುತ್ತಿರಲಿಲ್ಲ, ಆಗ ಬಿಸ್ಕತ್ತು ಕೈಹಿಡಿಯಿತು, ಎಂದು.

ಕೇಳಲು ಚಂದ. ಆದರೆ ಆ ದಿನಗಳ ನ್ಯೂಯಾರ್ಕಿನ ಚಿತ್ರಗಳನ್ನು ನೋಡಿ. 1930ರ ಕೊನೆಯಲ್ಲಿ ಕೆಲಸ ಕಳೆದುಕೊಂಡ ಸಾವಿರಾರು ಗಂಡಸರು ಬೀದಿಯ ಮೂಲೆಯಲ್ಲಿ ಪೆಟ್ಟಿಗೆ ಇಟ್ಟುಕೊಂಡು ನಿಂತಿದ್ದರು. ಮಾರುತ್ತಿದ್ದದ್ದು ಏನು? ಸೇಬು. ಒಂದಕ್ಕೆ 5 ಸೆಂಟು. ಬೆಳೆ ಹೆಚ್ಚಾಗಿ ಉಳಿದುಹೋದ ಸೇಬನ್ನು ವ್ಯಾಪಾರಿಗಳು ಅವರಿಗೆ ಸಾಲದ ಮೇಲೆ ಕೊಟ್ಟಿದ್ದರು. ಆ ಬಡತನದ ಗುರುತಾಗಿ ಇವತ್ತಿಗೂ ನೆನಪಿನಲ್ಲಿ ಉಳಿದಿರುವ ಹಣ್ಣೇ ಸೇಬು. ಅದೇ ಹಣ್ಣು ಸಿಗಲಿಲ್ಲವೆಂದು ಜನ ಡಬ್ಬಿ ಬಿಸ್ಕತ್ತು ಕೊಂಡು ಪೈ ಮಾಡಿದರು ಅನ್ನುವ ಕಥೆಯನ್ನು ಸುಮ್ಮನೆ ನುಂಗಬಾರದು.

ಪೈಯಂತೂ ರಿಟ್ಜ್‌ಗಿಂತ ಎಷ್ಟೋ ಹಳೆಯದು. 1863ರಲ್ಲಿ ರಿಚ್‌ಮಂಡ್ ಪಟ್ಟಣದಲ್ಲಿ ‘ಕಾನ್ಫೆಡರೇಟ್ ರಿಸೀಟ್ ಬುಕ್’ ಎಂಬ ಪುಟ್ಟ ಪುಸ್ತಕ ಅಚ್ಚಾಯಿತು. ಅಮೆರಿಕದ ಅಂತರ್ಯುದ್ಧದ ಕಾಲ. ಉತ್ತರದವರ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುತ್ತಿ ಸಾಮಾನು ಬರದ ಹಾಗೆ ತಡೆದಿತ್ತು. ಆ ಪುಸ್ತಕದಲ್ಲಿ ಸೇಬಿಲ್ಲದ ಸೇಬಿನ ಪೈ ಇದೆ: ನೆನೆಸಿದ ಬಿಸ್ಕತ್ತು, ಒಂದು ಚಮಚ ಟಾರ್ಟರಿಕ್ ಆಮ್ಲ, ಸಕ್ಕರೆ, ಬೆಣ್ಣೆ, ಸ್ವಲ್ಪ ಜಾಯಿಕಾಯಿ. ಓಕ್ ಮರದ ಬೀಜ ಹುರಿದು ಮಾಡುವ ಕಾಫಿ ಇದೆ. ಎಳೆ ಜೋಳ ತುರಿದು ಮಾಡುವ, ಮರುವಾಯಿ ಜಾತಿಯ ಚಿಪ್ಪು ಮಾಂಸದ ನಕಲೂ ಇದೆ.

ಅದಕ್ಕೂ ಹಿಂದೆ ಕ್ಯಾಲಿಫೋರ್ನಿಯಾ. 1894ರಲ್ಲಿ ಲಾಸ್ ಏಂಜಲೀಸಿನ ಹೆಂಗಸರು ಸೇರಿಸಿದ ಒಂದು ಅಡುಗೆ ಪುಸ್ತಕದಲ್ಲಿ ಮಿಸೆಸ್ ಬಿ.ಸಿ. ವೈಟಿಂಗ್ ಎಂಬವರು 1852ರ ಇಸವಿ ನಮೂದಿಸಿ ಇದೇ ಪೈಯನ್ನು ಬರೆದಿದ್ದಾರೆ. ಚಿನ್ನದ ಆಸೆಗೆ ಜನ ದೇಶದ ಆ ತುದಿಯಿಂದ ಈ ತುದಿಗೆ ಬಂದು ಬಿದ್ದಿದ್ದ ಕಾಲ. ಸೇಬಿಗೆ ಪೌಂಡಿಗೆ ಒಂದು ಡಾಲರ್ ಎಂದು ಆಕೆ ಹೇಳುತ್ತಾರೆ. ಆಗಿನ್ನೂ ಹರೆಯದಲ್ಲಿದ್ದ ತಮಗೆಲ್ಲ ಅಮ್ಮ ಮಾಡುವ ಸೇಬಿನ ಪೈಯ ಆಸೆ, ಊರಿನ ನೆನಪಿನ ಸಂಕಟ ತಣಿಯಲು ಒಂದು ತುಂಡು ಬೇಕಾಗಿತ್ತು, ಬಿಸ್ಕತ್ತಿನ ಪೈ ಆ ಕೆಲಸ ಮಾಡಿತು ಎನ್ನುವುದು ಆಕೆಯ ಮಾತಿನ ಸಾರ.

ಇದನ್ನು ಓದಿದಾಗ ನನಗೆ ಕ್ಯಾಲಿಫೋರ್ನಿಯಾ ನೆನಪಾಗಲಿಲ್ಲ. ಶಾರ್ಜಾದ ಒಂದು ಕೋಣೆಯಲ್ಲಿ ಆರು ಜನರ ಜೊತೆ ಮಲಗುತ್ತಿದ್ದ ನನ್ನ ಅಣ್ಣ ನೆನಪಾದ. ರಂಝಾನಿಗೆ ಪತ್ತಿರ್ ತಿನ್ನಬೇಕೆಂದು ಆಸೆಯಾಗಿ, ಪ್ಯಾಕೆಟ್ ಅಕ್ಕಿಹಿಟ್ಟಿಗೆ ಬಿಸಿನೀರು ಹಾಕಿ, ಲಟ್ಟಣಿಗೆ ಇಲ್ಲದೆ ಗಾಜಿನ ಬಾಟಲಿಯಲ್ಲಿ ಲಟ್ಟಿಸಿ, ತೆಂಗಿನಹಾಲಿನ ಬದಲು ಡಬ್ಬಿ ಹಾಲು ಹಾಕಿ ಕದಡಿ ತಿಂದ ಕಥೆಯನ್ನು ಅವನು ನಗುತ್ತಾ ಹೇಳುತ್ತಿದ್ದ. ಮಾಮ, ನೀವೂ ಇಪ್ಪತ್ತು ವರ್ಷ ಅಲ್ಲೇ ಇದ್ದವರು. ಆ ಪತ್ತಿರನ್ನು ಡೂಪ್ಲಿಕೇಟ್ ಅನ್ನುತ್ತೀರಾ?

ಕಂಪನಿಯ ಡಬ್ಬಿಯ ಹಿಂದೆ ಮಿಸೆಸ್ ವೈಟಿಂಗ್ ಇದ್ದಾರೆ. ಆದರೆ ಮಿಸೆಸ್ ವೈಟಿಂಗ್ ಹಿಂದೆ ಯಾರಿದ್ದಾರೆ ಎಂಬ ಪ್ರಶ್ನೆಯನ್ನೂ ಕೇಳಬೇಕು. 1863ರ ರಿಚ್‌ಮಂಡ್ ಗುಲಾಮರನ್ನು ಇಟ್ಟುಕೊಂಡವರ ರಾಜಧಾನಿ. ಅಲ್ಲಿನ ಉಳ್ಳವರ ಮನೆಗಳ ಒಲೆಯ ಮುಂದೆ ಕೂತವರು ಕರಿಯ ಗುಲಾಮ ಹೆಂಗಸರು. ಇಲ್ಲದ್ದನ್ನು ಇದ್ದ ಹಾಗೆ ಮಾಡುವ ಕಸುಬು ಅವರಿಗೆ ಯುದ್ಧ ಬಂದ ಮೇಲೆ ಕಲಿಯಬೇಕಾದದ್ದಾಗಿರಲಿಲ್ಲ, ಅದು ಅವರ ದಿನದ ಬದುಕು. ಓದು ಕಲಿಸುವುದಕ್ಕೇ ದಕ್ಷಿಣದ ಹಲವು ರಾಜ್ಯಗಳಲ್ಲಿ ನಿಷೇಧವಿತ್ತು. ಹಾಗಾದರೆ ಪುಸ್ತಕದಲ್ಲಿ ಯಾರ ಹೆಸರು ಬರುತ್ತದೆ? ಅಚ್ಚು ಹಾಕುವವರದ್ದು.

ಒಬ್ಬರ ಹೆಸರು ಹೇಗೋ ಉಳಿಯಿತು. ಆ್ಯಬಿ ಫಿಶರ್. ಗುಲಾಮಗಿರಿಯಲ್ಲಿ ಹುಟ್ಟಿ, ಬಿಡುಗಡೆಯಾದ ಮೇಲೆ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದು ಅಡುಗೆಯಿಂದ ಹೆಸರು ಮಾಡಿದವರು. ಓದು ಬರಹ ಬರುತ್ತಿರಲಿಲ್ಲ. ಅವರು ಬಾಯಲ್ಲಿ ಹೇಳಿದ್ದನ್ನು ಬೇರೆಯವರು ಬರೆದುಕೊಂಡು 1881ರಲ್ಲಿ ಪುಸ್ತಕವಾಯಿತು. ಅವರಿಗೂ ಮೊದಲು, 1866ರಲ್ಲಿ, ಟೆನೆಸ್ಸಿಯಿಂದ ಹೊರಟು ಮಿಶಿಗನ್ ಸೇರಿದ ಮಲಿಂಡಾ ರಸೆಲ್ ತಮ್ಮ ಅಡುಗೆ ಪುಸ್ತಕ ಅಚ್ಚು ಹಾಕಿಸಿದ್ದರು. ಕರಿಯ ಹೆಂಗಸೊಬ್ಬರು ಬರೆದ, ನಮಗೆ ತಿಳಿದಿರುವ ಮೊದಲ ಅಮೆರಿಕನ್ ಅಡುಗೆ ಪುಸ್ತಕ ಅದು. ನೆನಪಿಡಿ: ಓದು ಬಾರದ ಹೆಂಗಸಿನ ಅಡುಗೆಯೂ ಚರಿತ್ರೆಯಾಯಿತು, ಯಾಕೆಂದರೆ ಯಾರೋ ಪಕ್ಕದಲ್ಲಿ ಕೂತು ಬರೆದುಕೊಂಡರು, ಮತ್ತು ಮುಖಪುಟದಲ್ಲಿ ಅವಳ ಹೆಸರನ್ನೇ ಹಾಕಿದರು.

ಇನ್ನು ‘ಒರಿಜಿನಲ್’ ಎಂಬುದರ ಹಣೆಬರಹ ನೋಡಿ. ಇಂಗ್ಲೆಂಡಿನ ಹ್ಯಾನಾ ಗ್ಲಾಸ್ 1747ರಲ್ಲಿ ಹೊರತಂದ ಅಡುಗೆ ಪುಸ್ತಕ ನೂರು ವರ್ಷ ಮನೆಮನೆಯಲ್ಲಿತ್ತು. ಅದರ ಮುನ್ನೂರಕ್ಕೂ ಹೆಚ್ಚು ಕ್ರಮಗಳು ಬೇರೆ ಪುಸ್ತಕಗಳಿಂದ ಎತ್ತಿದ್ದು ಎಂದು ಆಮೇಲೆ ಸಂಶೋಧಕರು ತೋರಿಸಿದರು. 1796ರಲ್ಲಿ ಅಮೀಲಿಯಾ ಸಿಮನ್ಸ್ ಎಂಬ ಅನಾಥೆ ಬರೆದ ಮೊದಲ ‘ಅಮೆರಿಕನ್’ ಅಡುಗೆ ಪುಸ್ತಕದಲ್ಲೂ ಎಷ್ಟೋ ಇಂಗ್ಲಿಷ್ ಪುಸ್ತಕದ್ದು. ಅಮೆರಿಕದವರು ದೇಶಪ್ರೇಮದ ಗುರುತಾಗಿ ಹಿಡಿದಿರುವ ಸೇಬಿನ ಪೈ ಕೂಡ ಇಂಗ್ಲೆಂಡಿನಲ್ಲಿ 14ನೇ ಶತಮಾನದಲ್ಲೇ ಇತ್ತು. ಸೇಬಿನ ತವರು ಮಧ್ಯ ಏಷ್ಯಾದ ಬೆಟ್ಟಗಳು. ದಾಲ್ಚಿನ್ನಿ ನಮ್ಮ ಕಡಲಿನದು. ಸಕ್ಕರೆಯನ್ನು ಹರಳು ಮಾಡುವ ವಿದ್ಯೆ ಹಿಂದೂಸ್ಥಾನದಿಂದ ಹೋದದ್ದು. ಈಗ ಹೇಳಿ, ಸೇಬು ಹಾಕಿದ ಪೈಯಲ್ಲಿ ಒರಿಜಿನಲ್ ಅನ್ನುವ ಭಾಗ ಯಾವುದು?

ನಕಲಿ ಊಟ ಅಂದರೆ ಕೀಳು ಎಂದು ಭಾವಿಸುವವರಿಗೆ ಇನ್ನೂ ಹಳೆಯ ಸಾಕ್ಷಿ ಇದೆ. ಅದು ಅಮೆರಿಕದ್ದಲ್ಲ, ಬಗ್ದಾದಿನದು. ಹತ್ತನೇ ಶತಮಾನದಲ್ಲಿ ಇಬ್ನ್ ಸಯ್ಯಾರ್ ಅಲ್ ವರ್ರಾಕ್ ಸಂಪಾದಿಸಿದ ‘ಕಿತಾಬುತ್ತಬೀಖ್’ ಅರಬಿಯಲ್ಲಿ ನಮಗೆ ಉಳಿದಿರುವ ಅತಿ ಹಳೆಯ ಅಡುಗೆ ಗ್ರಂಥ. ಖಲೀಫರ ಮನೆಯ ಊಟ ಅದರಲ್ಲಿದೆ. ಅದರಲ್ಲೇ ‘ಮುಝವ್ವರಾತ್’ ಎಂಬ ಅಡುಗೆಗಳೂ ಇವೆ. ‘ಝೂರ್’ ಅಂದರೆ ಸುಳ್ಳು. ಆ ಧಾತುವಿನಿಂದ ಬಂದ ಪದ. ಸುಳ್ಳು ಅಡುಗೆಗಳು! ಮಾಂಸ ಹಾಕದೆ ಮಾಂಸದ ಅಡುಗೆಯ ಹಾಗೆ ಮಾಡಿದ ಪದಾರ್ಥಗಳು. ಯಾರಿಗಾಗಿ? ಮಾಂಸ ಜೀರ್ಣವಾಗದ ಕಾಯಿಲೆಯವರಿಗೆ, ಮತ್ತು ಉಪವಾಸದ ದಿನಗಳಲ್ಲಿ ಮಾಂಸ ಬಿಟ್ಟಿರುವ ಕ್ರಿಶ್ಚಿಯನ್ ನೆರೆಯವರಿಗೆ.

ಎಷ್ಟು ದೊಡ್ಡ ಮನಸ್ಸು ನೋಡಿ. ಹೆಸರಲ್ಲೇ ‘ಸುಳ್ಳು’ ಎಂದು ಇಟ್ಟು, ಯಾರಿಗೂ ಮೋಸ ಮಾಡದೆ, ಕಾಯಿಲೆ ಬಿದ್ದವನೂ ಬೇರೆ ಧರ್ಮದವನೂ ಎಲ್ಲರ ಜೊತೆ ಕೂತು ರುಚಿಯಾಗಿ ಉಣ್ಣಲಿ ಎಂದು ಮಾಡಿದ ಅಡುಗೆ. ಬಗ್ದಾದಿನ ಗ್ರಂಥಕಾರನಿಗೆ ಇದನ್ನು ಬರೆಯಲು ನಾಚಿಕೆಯಾಗಲಿಲ್ಲ. ಸಾವಿರ ವರ್ಷದ ನಂತರ ನಮಗೆ ನಾಚಿಕೆಯಾಗುತ್ತಿದೆ.

ಯಾಕೆ ಹಾಗೆ ಹೇಳುತ್ತೇನೆ ಅಂದರೆ, ಇದೇ ವಿಷಯ ಹಿಡಿದು ನಾನು ನಮ್ಮ ಉಮ್ಮನ ಹತ್ತಿರ ಕೂತೆ. "ಉಮ್ಮಾ, ನಿಮ್ಮ ಚಿಕ್ಕಂದಿನಲ್ಲಿ ಇಲ್ಲದ್ದರ ಬದಲು ಏನೇನು ಮಾಡುತ್ತಿದ್ದಿರಿ?" ಎಂದು ಕೇಳಿದೆ. ಮೊದಲು ಉತ್ಸಾಹದಿಂದ ಹೇಳಿದರು. ಮಳೆಗಾಲದಲ್ಲಿ ದೋಣಿ ಇಳಿಯದೆ ಮೀನಿಲ್ಲ, ಇರೆಚ್ಚಿಗೆ ದುಡ್ಡಿಲ್ಲ. ಆಗ ಅವರ ಉಮ್ಮ ಗುಜ್ಜೆಯನ್ನು ದೊಡ್ಡ ತುಂಡು ಮಾಡಿ ಅದೇ ಇರೆಚ್ಚಿ ಮಸಾಲೆಯಲ್ಲಿ, ಅದೇ ಹುರಿದ ತೆಂಗಿನಕಾಯಿಯಲ್ಲಿ ಸುಕ್ಕ ಮಾಡುತ್ತಿದ್ದರಂತೆ. ಮಕ್ಕಳು ಒಬ್ಬರಿಗೊಬ್ಬರು "ನನ್ನ ತುಂಡಿನಲ್ಲಿ ಎಲುಬುಂಟು" ಎಂದು ಆಟವಾಡುತ್ತಾ ತಿನ್ನುತ್ತಿದ್ದರಂತೆ. ಹಲಸಿನ ಬೀಜ ಬೇಯಿಸಿ ಅರೆದು ಅಕ್ಕಿಹಿಟ್ಟಿಗೆ ಸೇರಿಸಿ ಪಿಂಡಿ ಮಾಡುತ್ತಿದ್ದರಂತೆ, ಅಕ್ಕಿ ನಾಲ್ಕು ದಿನ ಜಾಸ್ತಿ ಬರಲಿ ಎಂದು. ಅತಿಥಿ ಬಂದರೆ ಕೊತ್ತಂಬರಿ ಹುರಿದು ಕುದಿಸಿದ್ದನ್ನು ‘ಕಾಫಿ’ ಎಂದು ಕೊಡುತ್ತಿದ್ದರಂತೆ.

ನಾನು ಬರೆದುಕೊಳ್ಳುತ್ತಿರುವುದು ನೋಡಿ ಉಮ್ಮ ಮಾತು ನಿಲ್ಲಿಸಿದರು. "ಇದನ್ನೆಲ್ಲ ಹಾಕಬೇಡ. ನಾಳೆ ನಿನ್ನ ಮಗಳಿಗೆ ಸಂಬಂಧ ನೋಡುವವರು ಓದಿದರೆ ಏನು ಗ್ರಹಿಸುತ್ತಾರೆ? ಬಿರಿಯಾನಿದು ಬರೆ, ನೈ ಪತ್ತಿರಿಂದು ಬರೆ" ಅಂದರು.

ನಾನು ಎರಡು ದಿನ ಆ ಮಾತನ್ನೇ ಯೋಚಿಸಿದೆ. ನಲವತ್ತು ವರ್ಷ ಒಲೆಯ ಮುಂದೆ ಕೂತ ಹೆಂಗಸು, ತನ್ನ ಉಮ್ಮನ ಅತಿ ದೊಡ್ಡ ಜಾಣ್ಮೆಯನ್ನು ಮುಚ್ಚಿಡು ಅನ್ನುತ್ತಿದ್ದಾರೆ. ಯಾಕೆ? ನಾವು, ನಮ್ಮ ಮದುವೆ ಮನೆಗಳು, ನಮ್ಮ ಸ್ಟೇಟಸ್ ಫೋಟೋಗಳು, ನಮ್ಮ ‘ಒರಿಜಿನಲ್’ ಬೋರ್ಡುಗಳು ಸೇರಿ ಅವರಿಗೆ ಕಲಿಸಿದ ನಾಚಿಕೆ ಅದು. ಎಷ್ಟು ಬಗೆ ಇರೆಚ್ಚಿ ಎಂದು ಎಣಿಸುವ ಮದುವೆಗಳು ಕಲಿಸಿದ ನಾಚಿಕೆ. (ಕೊನೆಗೆ ಒಪ್ಪಿಗೆ ಕೊಟ್ಟರು. "ಹೆಸರು ಹಾಕಬೇಡ" ಎಂಬ ಶರತ್ತಿನ ಮೇಲೆ. ಅದಕ್ಕೇ ಇಲ್ಲಿ ಅವರ ಹೆಸರಿಲ್ಲ. ಈ ಲೇಖನದ ಸೋಲು ಅದು ಎಂದೇ ತಿಳಿಯುತ್ತೇನೆ.)

ಹಾಗಾದರೆ ನಾವು ಎದೆತಟ್ಟಿಕೊಳ್ಳುವ ಒರಿಜಿನಲ್ ಎಷ್ಟು ಒರಿಜಿನಲ್? ಕೋರಿ ಸಾರು ಕೆಂಪಾಗುವುದು ಮೆಣಸಿನಿಂದ. ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಅದಕ್ಕೂ ಮೊದಲು ಖಾರಕ್ಕೆ ಇದ್ದದ್ದು ಕಾಳುಮೆಣಸು. ಪಾಯಸಕ್ಕೆ, ಬಿರಿಯಾನಿಗೆ ಉದುರಿಸುವ ಗೇರುಬೀಜವೂ ಅಲ್ಲಿಂದಲೇ. ಮಲಬಾರಿನ ನಂಟರು ಹೆಮ್ಮೆಯಿಂದ ಬಡಿಸುವ ಮುಟ್ಟಮಾಲೆ, ಅದೇ, ಮೊಟ್ಟೆಯ ಹಳದಿಯನ್ನು ಸಕ್ಕರೆ ಪಾಕದಲ್ಲಿ ನೂಲಿನ ಹಾಗೆ ಬಿಡುವುದು, ಪೋರ್ಚುಗಲ್ಲಿನ ಸಿಹಿಯೊಂದರ ಅವಳಿಯ ಹಾಗಿದೆ. ಇದರಿಂದ ನಮ್ಮ ಅಡುಗೆಗೆ ಕುಂದೇನೂ ಇಲ್ಲ. ಬಂದರಿನ ಜನ ನಾವು, ಬಂದದ್ದನ್ನು ಬರಮಾಡಿಕೊಂಡು ನಮ್ಮದು ಮಾಡಿಕೊಂಡವರು. ಆದರೆ ಹಾಗೆ ಮಾಡಿಕೊಂಡವರು ‘ಡೂಪ್ಲಿಕೇಟ್’ ಎಂದು ಇನ್ನೊಬ್ಬರ ತಟ್ಟೆಗೆ ಬೆರಳು ತೋರಿಸಬಾರದು.

ಮರಗೆಣಸಿನ ಕಥೆ ಇನ್ನೂ ಹತ್ತಿರದ್ದು. ಅದೂ ಅಮೆರಿಕ ಖಂಡದ ಗೆಡ್ಡೆಯೇ. ತಿರುವಾಂಕೂರಿನ ರಾಜ ವಿಶಾಖಂ ತಿರುನಾಳ್ 1880ರ ದಶಕದಲ್ಲಿ ಅದನ್ನು ಬೆಳೆಯಲು ಜನರಿಗೆ ಉತ್ತೇಜನ ಕೊಟ್ಟರು. 1942ರಲ್ಲಿ ಜಪಾನ್ ಸೇನೆ ಬರ್ಮಾವನ್ನು ಹಿಡಿದಾಗ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಕೇರಳದ ಕರಾವಳಿಗೆ ಅದು ದೊಡ್ಡ ಹೊಡೆತ. ಆಗ ಅನ್ನದ ಜಾಗದಲ್ಲಿ ಕೂತದ್ದು ಮರಗೆಣಸು. ಇವತ್ತು ಅದೇ ಮರಗೆಣಸು ಮೀನು ಸಾರಿನ ಜೊತೆ ದೊಡ್ಡ ಹೋಟೆಲುಗಳ ಮೆನುವಿನಲ್ಲಿ ‘ಸಾಂಪ್ರದಾಯಿಕ’ ಎಂಬ ಹೆಸರಿನಲ್ಲಿದೆ. ಹಸಿವಿನ ಕಾಲದಲ್ಲಿ ಅನ್ನದ ಡೂಪ್ಲಿಕೇಟ್ ಆಗಿದ್ದದ್ದು ಹೊಟ್ಟೆ ತುಂಬಿದ ಕಾಲದಲ್ಲಿ ಒರಿಜಿನಲ್ ಆಯಿತು. ನಡುವೆ ಏನು ಬಿದ್ದುಹೋಯಿತು? ಆ ವರ್ಷಗಳಲ್ಲಿ ಅದನ್ನು ಬೇಯಿಸಿ ಮಕ್ಕಳನ್ನು ಉಳಿಸಿದ ಹೆಂಗಸರು.

ನನ್ನ ಮಾತಿಗೆ ಬರುವ ಆಕ್ಷೇಪಗಳು ನನಗೆ ಗೊತ್ತು. ಒಂದೊಂದಾಗಿ ನೋಡೋಣ.

‘ಬಡತನವನ್ನು ಹೊಗಳಬೇಡ’ ಅನ್ನುತ್ತಾರೆ. ಸರಿಯಾದ ಮಾತು. ಹಲಸಿನ ಬೀಜದ ಪಿಂಡಿಯ ಹಿಂದೆ ಹಸಿದು ಮಲಗಿದ ರಾತ್ರಿಗಳಿವೆ. ಉಮ್ಮಂದಿರು ಕೊನೆಗೆ ತಿಂದರು, ಕಡಿಮೆ ತಿಂದರು, ಎಷ್ಟೋ ಸಲ ತಿನ್ನಲೇ ಇಲ್ಲ. ಅದನ್ನು ಚಂದದ ಕಥೆ ಮಾಡಿ ಮಾರುವುದು ಪಾಪ. ಆದರೆ ಅದನ್ನು ಹೇಳದೇ ಇದ್ದರೆ ಆ ಹಸಿವಿಗೂ ಸಾಕ್ಷಿ ಇಲ್ಲವಾಗುತ್ತದೆ. ಕೇವಲ ಬಿರಿಯಾನಿ ಮಾತ್ರ ಬರೆದಿಟ್ಟ ಸಮುದಾಯದ ಮೊಮ್ಮಕ್ಕಳು ‘ನಾವು ಯಾವಾಗಲೂ ಹೀಗೇ ಇದ್ದೆವು’ ಎಂದು ನಂಬುತ್ತಾರೆ. ಹಾಗೆ ನಂಬಿದವರು ಇವತ್ತು ಹಸಿದವನನ್ನು ಗುರುತಿಸಲಾರರು.

‘ಬದಲಿ ಹಾಕುತ್ತಾ ಹೋದರೆ ನಮ್ಮ ಅಡುಗೆಯೇ ಅಳಿದುಹೋಗುತ್ತದೆ’ ಅನ್ನುತ್ತಾರೆ. ಇದರಲ್ಲೂ ಹುರುಳಿದೆ. ಬ್ಯಾರಿ ಭಾಷೆ ಆಡುವವರು ನಾವು ಬರಹಕ್ಕೆ ತಡವಾಗಿ ಬಂದವರು. ಕರ್ನಾಟಕದಲ್ಲಿ ನಮ್ಮ ಸಾಹಿತ್ಯ ಅಕಾಡೆಮಿ ಸ್ಥಾಪನೆಯಾದದ್ದೇ ತಡವಾಗಿ. 1956ರಲ್ಲಿ ರಾಜ್ಯಗಳು ವಿಂಗಡಣೆಯಾದಾಗ ಕಾಸರಗೋಡು ಕೇರಳಕ್ಕೆ ಹೋಗಿ, ಒಂದೇ ಕುಟುಂಬದ ಎರಡು ಅಡುಗೆಮನೆಗಳು ಎರಡು ರಾಜ್ಯಗಳಾದವು. ಆಚೆಯ ಅಡುಗೆಗೆ ಉಮ್ಮಿ ಅಬ್ದುಲ್ಲಾ ಅವರಂಥವರು ಪುಸ್ತಕ ಬರೆದದ್ದರಿಂದ ‘ಮಲಬಾರ್’ ಎಂಬ ಹೆಸರು ಊರೂರಿಗೆ ಮುಟ್ಟಿತು. ನಮ್ಮದು ಹೆಚ್ಚಾಗಿ ಬಾಯಲ್ಲೇ ಉಳಿಯಿತು. ಹಾಗಾಗಿ ಕಳೆದುಹೋಗುವ ಹೆದರಿಕೆ ಸಹಜ. ಆದರೆ ಕಳೆದುಹೋಗದಂತೆ ಮಾಡುವುದು ಜಗಳ ಅಲ್ಲ, ಬರಹ. ‘ತೆಂಗಿನಹಾಲು ಹಾಕಬೇಕಿತ್ತು, ಸಿಗದ್ದರಿಂದ ಡಬ್ಬಿ ಹಾಲು ಹಾಕಿದೆ’ ಎಂದು ಬರೆದಿಟ್ಟರೆ ತೆಂಗಿನಹಾಲೂ ಉಳಿಯುತ್ತದೆ, ಶಾರ್ಜಾದ ಕೋಣೆಯೂ ಉಳಿಯುತ್ತದೆ.

ಮೂರನೆಯದು ಮಾಮನ ಆಕ್ಷೇಪ. ‘ಇದು ಮೋಸ.’ ಇದಕ್ಕೆ ಉತ್ತರ ಕೊಡುವ ಮೊದಲು ನಾನು ತಪ್ಪು ಒಪ್ಪಿಕೊಳ್ಳಬೇಕು. ಪ್ರವಾದಿಯವರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ನೋಡಿದ ಘಟನೆ ನಮಗೆಲ್ಲ ಮದ್ರಸದಲ್ಲಿ ಕಲಿಸಿದ್ದಾರೆ. ಮೇಲೆ ಒಣ ಧಾನ್ಯ, ಒಳಗೆ ಒದ್ದೆ. ಮಳೆಗೆ ನೆನೆಯಿತು ಎಂದ ವ್ಯಾಪಾರಿಗೆ, ಹಾಗಾದರೆ ಜನರಿಗೆ ಕಾಣುವ ಹಾಗೆ ಒದ್ದೆಯದನ್ನು ಮೇಲೆ ಯಾಕೆ ಇಡಲಿಲ್ಲ ಎಂದು ಕೇಳಿದರು. ಧಾನ್ಯ ಒದ್ದೆಯಾದದ್ದು ತಪ್ಪಲ್ಲ, ಮುಚ್ಚಿಟ್ಟದ್ದು ತಪ್ಪು. ಹಾಗೆ ನೋಡಿದರೆ ನಾನು ಪೈ ಬಡಿಸುವ ಮೊದಲೇ ಬಿಸ್ಕತ್ತು ಎಂದು ಹೇಳಬೇಕಿತ್ತು. ತಮಾಷೆಯ ಆಸೆಗೆ ಹೇಳಲಿಲ್ಲ. ಮಾಮನ ಕೋಪದಲ್ಲಿ ಅಷ್ಟು ನ್ಯಾಯ ಇದೆ. ಮಾಫಿ ಕೇಳಿದ್ದೇನೆ.

ಆದರೆ ಅದೇ ತಕ್ಕಡಿಯಲ್ಲಿ ನಮ್ಮೆಲ್ಲರನ್ನೂ ತೂಗೋಣ. ಒದ್ದೆ ಧಾನ್ಯವನ್ನು ಕೆಳಗೆ ಅಡಗಿಸಿ ಒಣಗಿದ್ದನ್ನು ಮೇಲೆ ಹರಡಿರುವವರು ಯಾರು? ಗುಜ್ಜೆ ಸುಕ್ಕವನ್ನು ಕೆಳಗಿಟ್ಟು ಬಿರಿಯಾನಿಯನ್ನು ಮೇಲಿಟ್ಟವರು ನಾವು. ಮನೆಯ ಹೆಂಗಸರ ಕೈರುಚಿಯನ್ನು ಅಡುಗೆ ಕಂಟ್ರಾಕ್ಟಿನ ಹೆಸರಿನಲ್ಲಿ, ಮಸಾಲೆ ಪ್ಯಾಕೆಟಿನ ಹೆಸರಿನಲ್ಲಿ ಕೊಂಡು ತಿಂದು ‘ಇದು ಒರಿಜಿನಲ್’ ಅನ್ನುವವರು ನಾವು. ಅಮೆರಿಕದಲ್ಲಿ ಒಂದು ಡಬ್ಬಿ ಎಂಬತ್ತು ವರ್ಷ ಹಿಂದಿನ ಹೆಂಗಸರನ್ನು ಮರೆಸಿಬಿಟ್ಟಿತು. ಇಲ್ಲಿ ಡಬ್ಬಿಯೂ ಬೇಕಾಗಲಿಲ್ಲ, ನಮ್ಮ ನಾಚಿಕೆಯೇ ಸಾಕಾಯಿತು.

ಹಾಗಾಗಿ ಈ ಬ್ಲಾಗು ಓದುವ ಮನೆಗಳಲ್ಲಿ ನನ್ನ ಕೋರಿಕೆ ಇದು. ಅಡುಗೆ ಬರೆಯುವಾಗ ‘ಬ್ಯಾರಿ ಸ್ಪೆಷಲ್’ ಎಂದು ಬರೆದು ನಿಲ್ಲಬೇಡಿ. ಯಾರು ಮಾಡುತ್ತಿದ್ದರು, ಯಾವ ಊರಿನಲ್ಲಿ, ಸುಮಾರು ಯಾವ ವರ್ಷದಲ್ಲಿ, ಯಾರಿಂದ ಕಲಿತರು ಎಂದು ಬರೆಯಿರಿ. ಮುಖ್ಯವಾಗಿ, ಯಾವುದು ಸಿಗದಿದ್ದಾಗ ಏನು ಹಾಕಿದರು ಎಂದು ಬರೆಯಿರಿ. ಅಳತೆ ‘ಒಂದು ಸೇರು’, ‘ಒಂದು ಗೆರಟೆ’, ‘ಅಂದಾಜು’ ಎಂದು ಹೇಳಿದರೆ ಹಾಗೇ ಬರೆಯಿರಿ, ಆಮೇಲೆ ಗ್ರಾಂ ಲೆಕ್ಕ ಹಾಕಿ. ಓದು ಬಾರದ ಉಮ್ಮ ಹೇಳಿದ್ದಾದರೆ ಅವರು ಹೇಳಿದ ಬ್ಯಾರಿ ಮಾತಿನಲ್ಲೇ ಬರೆಯಿರಿ, ಕೆಳಗೆ ಕನ್ನಡ ಹಾಕಿ. ಬರೆದವರು ನೀವಾದರೂ ಮೇಲೆ ಹೆಸರು ಅವರದಿರಲಿ. ಮದುವೆ ಮನೆಯ ಬಡಿಸುವ ಸಾಲಿನಲ್ಲಿ ಒಂದು ಮೂಲೆಯಲ್ಲಾದರೂ ಹಳೆಯ ಕಷ್ಟದ ಕಾಲದ ಒಂದು ಪದಾರ್ಥ ಇಡಿ, ಅದರ ಎದುರು ಅದನ್ನು ಮಾಡುತ್ತಿದ್ದವರ ಹೆಸರಿಡಿ.

ಗಂಡಸರಿಗೆ ಪ್ರತ್ಯೇಕ ಒಂದು ಮಾತು. ಬಾಟಲಿಯಲ್ಲಿ ಲಟ್ಟಿಸಿದ ಪತ್ತಿರ್, ರೂಮಿನ ಒಂದೇ ಪಾತ್ರೆಯಲ್ಲಿ ಮಾಡಿದ ಸಾರು, ಡಬ್ಬಿ ಮೀನಿನಲ್ಲಿ ಊರಿನ ರುಚಿ ಹುಡುಕಿದ ಪ್ರಯತ್ನ, ಇವು ನಿಮ್ಮ ಚರಿತ್ರೆ. ಕ್ಯಾಲಿಫೋರ್ನಿಯಾದ ಆ ಹೆಂಗಸು ನಲವತ್ತೆರಡು ವರ್ಷಗಳ ನಂತರವೂ ತನ್ನ ಸುಳ್ಳು ಪೈಯನ್ನು ಇಸವಿ ಸಮೇತ ಹೆಮ್ಮೆಯಿಂದ ಬರೆದರು. ನೀವು ಬರೆಯದಿದ್ದರೆ ನಿಮ್ಮ ಮಕ್ಕಳಿಗೆ ಗಲ್ಫ್ ಅಂದರೆ ಚಾಕೊಲೇಟು ಮತ್ತು ಅತ್ತರು ಮಾತ್ರ.

ಮಾಮನಿಗೆ ಇದನ್ನು ಕಳುಹಿಸುವ ಮೊದಲು ಫೋನಿನಲ್ಲಿ ಓದಿ ಹೇಳಿದೆ. ಪೈಯ ವಿಷಯದಲ್ಲಿ ಅವರ ಅಭಿಪ್ರಾಯ ಬದಲಾಗಿಲ್ಲ. "ಆ್ಯಪಲ್ ಅಂದರೆ ಆ್ಯಪಲೇ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಉಮ್ಮ ಪೆರ್ನಾಲಿಗೆ ತುಪ್ಪ ಇಲ್ಲದ ವರ್ಷ ತೆಂಗಿನೆಣ್ಣೆಯಲ್ಲೇ ನೀರುಳ್ಳಿ ಕೆಂಪಗೆ ಹುರಿದು ಹಾಕಿ ‘ನೈ ಚೋರು’ ಎಂದು ಬಡಿಸಿದ್ದನ್ನು ಹೇಳತೊಡಗಿದರು. ಯಾವ ವರ್ಷ ಮಾಮ ಎಂದು ಕೇಳಿದೆ. ತಂಗಿ ಹುಟ್ಟಿದ ವರ್ಷ ಅಂದರು. ಇಸವಿ ಲೆಕ್ಕ ಹಾಕಿ ಬರೆದುಕೊಂಡೆ. ಅವರ ಉಮ್ಮನ ಹೆಸರನ್ನೂ ಬರೆದುಕೊಂಡೆ. ಅವರು ಬೇಡ ಅನ್ನಲಿಲ್ಲ.